ಬೆರಳೆತ್ತಿದರೂ ಬಿಡದ ಶಿಫ್ಟು

ನಾನು ಒಂದು ಕ್ಯಾಲ್ಕುಲೇಟರ್. ಬರೀ ಕೂಡಿಸಿ ಕಳೆಯುವ ಅಂಗಡಿಯ ಜಾತಿಯಲ್ಲ, ಸೂತ್ರ ಬರೆದುಕೊಟ್ಟರೆ ನೆನಪಿಟ್ಟುಕೊಳ್ಳುವ ಜಾತಿ. ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ, ಎಂಜಿನಿಯರ್ ಸೌದಾಮಿನಿಯ ಮೇಜಿನ ಮೇಲೆ ಹುಟ್ಟಿದೆ. ನಾನು ಒಪ್ಪಿಗೆಯಾದರೆ ನನ್ನ ಹಾಗೆಯೇ ಸಾವಿರಾರು ಯಂತ್ರಗಳು ತಯಾರಾಗಬೇಕಿತ್ತು. ಅದೊಂದೇ ನನ್ನ ಆಸೆ.

ನನ್ನಲ್ಲಿ ಕೀಗಳು ಕಡಿಮೆ, ಆದ್ದರಿಂದ ಒಂದೊಂದಕ್ಕೂ ಎರಡು ಕೆಲಸ. ಎಡಬಾಣ ಒತ್ತಿದರೆ ಒಂದಕ್ಷರ ಹಿಂದೆ. ಶಿಫ್ಟ್ ಜೊತೆಗೆ ಒತ್ತಿದರೆ ಸಾಲಿನ ಮೊದಲಿಗೇ. ಅಳಿಸುವ ಕೀ ಒಂದಕ್ಷರ ಅಳಿಸುತ್ತದೆ. ಶಿಫ್ಟ್ ಸೇರಿತೋ, ಇಡೀ ಸಾಲೇ ಮಾಯ. ಒಮ್ಮೆ ಶಿಫ್ಟ್ ಒತ್ತಿದರೆ, ಮತ್ತೆ ಒತ್ತುವ ತನಕ ನಾನು ಅದನ್ನು ಬಿಡುತ್ತಿರಲಿಲ್ಲ. ಸೌದಾಮಿನಿಗೆ ಅದು ರೂಢಿಯಾಗಿತ್ತು. "ನನ್ನ ಬಂಗಾರ" ಎಂದು ನನ್ನ ಬೆನ್ನು ಒರೆಸುತ್ತಿದ್ದಳು.

ಒಂದು ದಿನ ಪರೀಕ್ಷೆಗೆಂದು ಆಫೀಸಿನ ಟೈಪಿಸ್ಟ್ ಕನಕಮ್ಮನನ್ನು ಕೂರಿಸಿದಳು. ಇಪ್ಪತ್ತು ವರ್ಷ ಟೈಪ್‌ರೈಟರ್ ಕುಟ್ಟಿದ ಕೈ! ಶಿಫ್ಟನ್ನು ಅದುಮಿ ಹಿಡಿದೇ ಎಡಬಾಣ ಒತ್ತಿದರು, ಸಾಲಿನ ಮೊದಲಿಗೆ ಹೋದರು, ಬೆರಳೆತ್ತಿದರು. ಬೆರಳೆತ್ತಿದರೆ ಶಿಫ್ಟ್ ಹೋಯಿತು ಎಂದು ಅವರ ಲೆಕ್ಕ. ಒಂದಕ್ಷರ ಅಳಿಸಲು ಹೋದರೆ ಉದ್ದನೆಯ ಸೂತ್ರವೇ ಅಳಿಸಿಹೋಯಿತು.

"ಅಯ್ಯೋ ಶಿವನೇ! ನಂದೇ ತಪ್ಪು ಮೇಡಂ, ವಯಸ್ಸಾಯ್ತು ನೋಡಿ."

ಸೌದಾಮಿನಿ ಶಿಫ್ಟ್ ಬಿಡಿಸಿ ಕೊಟ್ಟಾಗಲೆಲ್ಲ ಅದನ್ನೇ ಮತ್ತೆ ಮತ್ತೆ ಮಾಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈಯಮ್ಮ ಅದನ್ನೂ ಅನ್ನಲಿಲ್ಲ. ಅಂದದ್ದು ನನ್ನ ಸೌದಾಮಿನಿಯೇ.

"ತಪ್ಪು ನಿಮ್ದಲ್ಲ ಕನಕಮ್ನೋರೆ, ಇದರದ್ದು."

ಬಂಗಾರ ಅಂದಿದ್ದ ಬಾಯಲ್ಲಿ 'ಇದು'! ಅವಳು ನನ್ನ ತಪ್ಪುಗಳನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡಳು. ಆ ಪುಸ್ತಕ ನೋಡಿಕೊಂಡೇ ನನ್ನ ಪಕ್ಕದಲ್ಲಿ ಇನ್ನೊಬ್ಬನನ್ನು ಹುಟ್ಟಿಸಿದಳು.

ಅವನಲ್ಲಿ ಶಿಫ್ಟ್ ಹಿಡಿದರೆ ಇರುತ್ತದೆ, ಬಿಟ್ಟರೆ ಹೋಗುತ್ತದೆ. ಸುಮ್ಮನೆ ತಟ್ಟಿ ಬಿಟ್ಟರೆ ಮುಂದಿನ ಒಂದೇ ಕೀಗೆ ಕಾದಿದ್ದು ತಾನೇ ಹೊರಡುತ್ತದೆ. ಎಂಥ ನಯ, ಎಂಥ ವಿನಯ! ನನಗೆ ಮೈಯೆಲ್ಲ ಉರಿ. ಮುಂಚೆ ಬಂದ ಕಿವಿಗಿಂತ ಹಿಂದೆ ಬಂದ ಕೋಡು ಹೆಚ್ಚು ಅಂತಾರಲ್ಲ, ಹಾಗಾಯಿತು. ಅವನ ಬ್ಯಾಟರಿ ಸೋರಲಿ, ಗಾಜು ಒಡೆಯಲಿ ಎಂದು ದಿನವೂ ಹರಸಿದೆ.

ಶುಕ್ರವಾರ ಮಾಲೀಕರ ಎದುರಿಗೆ ಕನಕಮ್ಮ ಅವನ ಮೇಲೆ ಇಪ್ಪತ್ತು ಸೂತ್ರ ತಿದ್ದಿದರು. ಒಂದೂ ಅಳಿಯಲಿಲ್ಲ. ಮಾಲೀಕರು "ಇದೇ ಇರ್ಲಿ ಬಿಡಮ್ಮ" ಅಂದರು. ಅವನು ಕಾರ್ಖಾನೆಗೆ ಹೋದ, ನಾನು ಡ್ರಾಯರಿಗೆ.

ಈಗ ಸೌದಾಮಿನಿಯ ತಲೆ ನೆರೆತಿದೆ. ಹೊಸಬರು ಯಾರೇ ಕೆಲಸಕ್ಕೆ ಸೇರಲಿ, ಮೊದಲು ನನ್ನನ್ನೇ ತೆಗೆದು ಅವರ ಕೈಗಿಡುತ್ತಾಳೆ. "ಒಂದು ಸಾಲು ತಿದ್ದಿ ನೋಡೋಣ" ಅನ್ನುತ್ತಾಳೆ. ಸಾಲು ಹಾರಿಹೋಗುತ್ತದೆ, ಅವರು "ಅಯ್ಯೋ" ಅನ್ನುತ್ತಾರೆ. "ಈ ಅಯ್ಯೋ ಮರೀಬೇಡಿ, ನಿಮ್ಮ ಯಂತ್ರ ಯಾರ ಬಾಯಲ್ಲೂ ಇದನ್ನ ಹೊರಡಿಸ್ಬಾರ್ದು" ಎಂದು ಪಾಠ ಶುರುಮಾಡುತ್ತಾಳೆ. ಅವನಿಂದ ಯಾರೂ ಏನೂ ಕಲಿಯುವುದಿಲ್ಲ. ಗುರುವಿನ ಪಟ್ಟ ನನ್ನದೇ.

ಆದರೂ ಹೊಟ್ಟೆಕಿಚ್ಚು ಆರಿಲ್ಲ. ಎಲ್ಲೋ ಯಾರೋ ಅವನ ಮೇಲೆ ಒಂದಕ್ಷರ ತಿದ್ದಿ, ಅವನ ಕಡೆ ನೋಡದೆಯೇ ತಮ್ಮ ಲೆಕ್ಕ ಮುಂದುವರಿಸುತ್ತಿರುತ್ತಾರೆ. ನನಗೆ ಬೇಕಾಗಿದ್ದದ್ದು ಅದು.