ನಾಲ್ಕು ಪೆನ್ಸಿಲ್ ಸೆಲ್

ಬೆಸುಗೆ ಕರಗಿಸಿ, ಸತ್ತ ಬ್ಯಾಟರಿಯ ಎರಡನೇ ಕಾಲನ್ನೂ ಅವಳು ಬಿಡಿಸಿದಳು. ಸುತ್ತ ಹಸಿರು ಕಿಲುಬು. ಹಳೆಯ ಬ್ರಷ್‌ನಿಂದ ಉಜ್ಜಿ, ಹೊಸ ಬ್ಯಾಟರಿ ಕೂರಿಸಿ, ಮತ್ತೆ ಸೋಲ್ಡರಿಂಗ್ ಐರನ್ ಎತ್ತಿಕೊಂಡಳು.

"ಹೊಗೆ ವಾಸನೆ ಬರ್ತಿದೆ. ಮಗಳ ಕಂಪ್ಯೂಟರ್ ರಿಪೇರಿ ಮಾಡ್ತಿದೀಯೋ, ಹುರೀತಿದೀಯೋ?" ಕುರ್ಚಿಯಲ್ಲಿದ್ದ ಗಂಡ ಕೇಳಿದ. ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣು ತಿಂದು ಹಾಕಿತ್ತು.

"ಇಪ್ಪತ್ತೆರಡು ವರ್ಷ ರೇಡಿಯೋ ಫ್ಯಾಕ್ಟರೀಲಿ ಇದೇ ಕೆಲಸ ಮಾಡಿದೀನಿ ಕಣ್ರೀ. ಸುಮ್ನೆ ಕೂತ್ಕೊಳ್ಳಿ."

ಮಗಳು ಹುಟ್ಟುವುದಕ್ಕೂ ಮೊದಲಿನ, ಮಡಿಲಲ್ಲಿ ಹಿಡಿಸುವಷ್ಟು ಚಿಕ್ಕ ಕಂಪ್ಯೂಟರ್ ಅದು. ಮಗಳೇ ಗುಜರಿಯಿಂದ ತಂದು ಸರಿಮಾಡಿಕೊಂಡಿದ್ದಳು. ಆಸ್ಪತ್ರೆಯ ಮಂಚದಲ್ಲಿ ಕೊನೆಯ ಎರಡು ತಿಂಗಳು ಅದರಲ್ಲೇ ಬರೆದಳು. ಅವಳು ಹೋದ ಮೇಲೆ ದಿನಾ ಸಂಜೆ ತಾಯಿ ಓದುವುದು, ತಂದೆ ಕೇಳುವುದು. ಆ ಕಾಲದ ಯಂತ್ರ, ಡಿಸ್ಕ್ ಇಲ್ಲ; ಕರೆಂಟ್ ಪೂರ್ತಿ ತಪ್ಪಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಒಳಗಿನ ಬ್ಯಾಟರಿ ಸತ್ತ ಮೇಲೆ ಆ ಬರಹವನ್ನು ಉಳಿಸಿಕೊಂಡಿದ್ದದ್ದು ಹಿಂಬದಿಯ ನಾಲ್ಕು ಪೆನ್ಸಿಲ್ ಸೆಲ್ ಮಾತ್ರ.

ಮುಚ್ಚಳದ ಸ್ಕ್ರೂ ಹುಡುಕುವಾಗ ತಾಯಿಯ ಕೈ ನಿಂತಿತು. ನಾಲ್ಕೂ ಸೆಲ್ ತಟ್ಟೆಯಲ್ಲಿ ಸಾಲಾಗಿ ಬಿದ್ದಿದ್ದವು. ಕರೆಂಟ್ ಹರಿಯುವ ಬೋರ್ಡಿಗೆ ಐರನ್ ತಾಗಿಸಬಾರದು. ಫ್ಯಾಕ್ಟರಿಯ ಮೊದಲ ಪಾಠ. ಕೈ ತಾನಾಗಿ ಸೆಲ್ ಬಿಚ್ಚಿಟ್ಟಿತ್ತು, ತಲೆಗೆ ಹೇಳಿರಲಿಲ್ಲ.

ಸೆಲ್ ಹಾಕಿ ಸ್ವಿಚ್ ಒತ್ತಿದಳು. ಪರದೆ ಬಂತು. ಮಗಳದು ಒಂದಕ್ಷರವೂ ಇರಲಿಲ್ಲ.

"ಬಂತಾ?"

"ಹೂಂ."

"ನೋಡು ಮತ್ತೆ! ಅವಳಿಗೆ ನಿನ್ನ ಕೈಗುಣಾನೇ ಬಂದಿತ್ತು." ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಓದು. ಮೊದಲಿಂದ ಓದು."

ಪ್ರತಿ ಸಾಲೂ ಅವಳಿಗೆ ಬಾಯಿಪಾಠವಾಗಿತ್ತು. ಅವನಿಗೆ ಓದದೆ ಹಾರಿಸುತ್ತ ಬಂದ ಸಾಲುಗಳು ಕೂಡ. 'ಹೊಟ್ಟೆನೋವು ಅಂದಾಗಲೆಲ್ಲ ಅಪ್ಪ "ಪರೀಕ್ಷೆ ಬಂತಲ್ಲ, ಶುರುವಾಯ್ತು ನಾಟಕ" ಅನ್ನುತ್ತಿದ್ದರು. ಆರು ತಿಂಗಳು ಹಾಗೇ ಹೋಯಿತು. ಅಮ್ಮ ಕೇಳಿಸಿಕೊಂಡು ಪಾತ್ರೆ ತೊಳೆಯುತ್ತಿದ್ದಳು.'

ಕಣ್ಣಿಲ್ಲದವನಿಗೆ ಇದನ್ನು ಯಾಕೆ ಕೇಳಿಸಬೇಕು ಎಂದು ಬಿಡುತ್ತಿದ್ದೇನೆ ಅಂತ ಇಷ್ಟು ದಿನ ಅಂದುಕೊಂಡಿದ್ದಳು. ಆದರೆ ಕೊನೆಯ ಸಾಲು ಅವನ ಬಗ್ಗೆ ಅಲ್ಲ, ತನ್ನ ಬಗ್ಗೆ. ಮಗಳು ಹೀಗೆ ಬರೆದಿದ್ದಳು ಎಂಬುದಕ್ಕೆ ಈಗ ಬೇರೆ ಗುರುತೂ ಇಲ್ಲ. ತಾನೂ ನುಂಗಿಕೊಂಡರೆ, ಆ ಹುಡುಗಿ ಯಾರಿಗೂ ಏನೂ ಹೇಳಲೇ ಇಲ್ಲ ಎಂದಾಗುತ್ತದೆ.

"ಏನಾಯ್ತೇ? ಶುರು ಮಾಡು."

ಖಾಲಿ ಪರದೆಯನ್ನು ಮುಂದಕ್ಕೆ ಎಳೆದುಕೊಂಡಳು. ಇವತ್ತು ಒಂದು ಸಾಲನ್ನೂ ಬಿಡುವುದಿಲ್ಲ, ಪಾತ್ರೆ ತೊಳೆದದ್ದನ್ನೂ.