ಸುತ್ತು ಇಳಿದಾಗ

ಹಿಟ್ಟಿನ ಗಿರಣಿಯ ಇಂಜಿನ್ ವಿಷಯದಲ್ಲಿ ತೇರಗಾಂವದ ಥಾವರೆಪ್ಪನಿಗೆ ಯಾರೂ ಪಾಠ ಹೇಳುವಂತಿರಲಿಲ್ಲ. ಕಲ್ಲು ಜೋರು ತಿರುಗಿದರೆ ಹಿಟ್ಟು ಸುಡುತ್ತದೆ, ನಿಧಾನ ತಿರುಗಿದರೆ ತಣ್ಣಗಿರುತ್ತದೆ. ಇಷ್ಟೇ ಅವನ ವಿದ್ಯೆ.

ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಹಾಗಾಗಿ ಅವತ್ತು ಕಲ್ಲಿನ ಪಟ್ಟಾ ಬಿಚ್ಚಿ, ಇಂಜಿನ್ನಿಗೆ ಕರೆಂಟು ಹುಟ್ಟಿಸುವ ಯಂತ್ರ ಜೋಡಿಸಿದ್ದರು. ಗೋಡೆಯಾಚೆ, ಜೋಳದ ಚೀಲ ಇಡುವ ಕೋಣೆಯಲ್ಲಿ, ಆಸ್ಪತ್ರೆಯ ವ್ಯಾನಿನಲ್ಲಿ ಬಂದ, ಊರವರ ಎದೆಯ ಫೋಟೋ ತೆಗೆಯುವ ಯಂತ್ರ. ಹೆಂಡತಿ ಧರ್ಮಿಬಾಯಿಗೆ ದೀಪಾವಳಿಯಿಂದ ಕೆಮ್ಮು. ಅವಳ ತಾಯಿಯನ್ನು ಒಯ್ದದ್ದೂ ಇಂಥದೇ ಕೆಮ್ಮು. ಫೋಟೋ ನೋಡದೆ ಸೂಜಿ ಚುಚ್ಚುವುದಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ವ್ಯಾನು ಸಂಜೆ ಜೊಯಿಡಾಕ್ಕೆ ಹೋದರೆ ಮತ್ತೆ ಈ ಕಡೆ ಬರುವುದು ಮಳೆಗಾಲ ಕಳೆದ ಮೇಲೆ.

ಫೋಟೋ ತೆಗೆಯುವ ಶೇಖಪ್ಪ ಮೊದಲೇ ಎಚ್ಚರಿಸಿದ್ದ. “ಇಂಜಿನ್ ಸುತ್ತು ಕಮ್ಮಿ ಮಾಡಬ್ಯಾಡಪಾ. ಸುತ್ತು ಇಳದ್ರ ನನ್ನ ಟ್ರಾನ್ಸ್‌ಫಾರ್ಮರ್ ಕಾಯ್ತೈತಿ.”

ಥಾವರೆಪ್ಪ ತಲೆಯಾಡಿಸಿದ. ನಿಧಾನ ತಿರುಗಿದರೆ ಕಾಯುವುದುಂಟೇ? ಓದಿದವರು ಏನಾದರೂ ಹೇಳುತ್ತಾರೆ ಅಂದುಕೊಂಡ.

ಬೇರೆಯವರ ಸರದಿಯಲ್ಲಿ ಅವನ ಕೈ ಗಟ್ಟಿಯಾಗಿಯೇ ಇತ್ತು. ಧರ್ಮಿಬಾಯಿ ಒಳಗೆ ಹೋಗಿ ಟ್ರಾನ್ಸ್‌ಫಾರ್ಮರ್ ಗುಂಯ್ ಅಂದದ್ದೇ ಅವನ ಜೀವ ಬಾಯಿಗೆ ಬಂತು. ಸಾವಿರಗಟ್ಟಲೆ ವೋಲ್ಟು, ಆ ಬಡಕಲು ಎದೆಗೆ! ಸ್ವಲ್ಪ ಮೆತ್ತಗಿರಲಿ ಎಂದು ಇಂಜಿನ್ ಸುತ್ತು ಇಳಿಸಿದ. ಸದ್ದು ಸಣ್ಣಗಾಗಲಿಲ್ಲ, ದಪ್ಪಗಾಯಿತು. ಹೆದರಿ ಇನ್ನಷ್ಟು ಇಳಿಸಿದ. ಅದು ಗುರುಗುಟ್ಟತೊಡಗಿತು. ಮತ್ತೂ ಇಳಿಸಿದ, ಪುಣ್ಯಾತ್ಮ! ಒಳಗೆ ವೋಲ್ಟು ತೋರಿಸುವ ಮುಳ್ಳು ಇಳಿದಂತೆಲ್ಲ ಶೇಖಪ್ಪ ಗುಂಡಿ ತಿರುಗಿಸಿ ವೋಲ್ಟನ್ನು ಮೊದಲಿನಷ್ಟಕ್ಕೇ ತರುತ್ತಿದ್ದ ಎಂಬುದು ಇವನಿಗೇನು ಗೊತ್ತು? ಸುತ್ತು ಇಳಿದಿದೆ, ವೋಲ್ಟು ಇಳಿದಿಲ್ಲ; ಹಾಗಾದರೆ ಸುರುಳಿ ಅಳತೆ ಮೀರಿ ಕರೆಂಟು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ತಾಳಲಾರದೆ ಒಳಗೊಳಗೇ ಕುದಿಯಿತು.

ಢಬ್ ಎಂದಿತು. ಸುಟ್ಟ ಎಣ್ಣೆಯ ವಾಸನೆ. ಕೆಟ್ಟೆನೆಂದುಕೊಂಡು ಥಾವರೆಪ್ಪ ಓಡಿದ. ಶೇಖಪ್ಪ ನೀರಿಗಾಗಿ ಕೂಗುತ್ತ ಬಾಗಿಲಲ್ಲಿ ಎದುರಾದ.

ಹೊಗೆಯೊಳಗೆ ಧರ್ಮಿಬಾಯಿ ಫೋಟೋದ ತಗಡಿಗೆ ಎದೆಯೊತ್ತಿ ನಿಂತೇ ಇದ್ದಳು. ಉಸಿರು ಹಿಡಿ, ನಾನು ಹೇಳುವ ತನಕ ಬಿಡಬೇಡ ಎಂದು ಶೇಖಪ್ಪ ಹೇಳಿದ್ದ. ಬಿಡು ಎಂದು ಹೇಳುವ ಮೊದಲೇ ಹೊರಗೆ ಓಡಿದ್ದ. ಅವಳ ಕಣ್ಣುಗಳು ಮಾತ್ರ ಗಂಡನ ಕಡೆ ತಿರುಗಿದವು.

“ಬಿಡು, ಧರ್ಮಿ. ಉಸಿರ ಬಿಡು.”

ಬಿಟ್ಟಳು. ಕೆಮ್ಮು ಅವಳನ್ನು ನೆಲದ ತನಕ ಬಗ್ಗಿಸಿಬಿಟ್ಟಿತು. ಸೆರಗಿನಿಂದ ಬಾಯಿ ಒರೆಸಿಕೊಂಡು, ಅದರಲ್ಲಿ ಹತ್ತಿದ ಕೆಂಪನ್ನು ಮುಚ್ಚಿ, ನಗುತ್ತ ಕೇಳಿದಳು:

“ಒಂಚೂರೂ ಅಲ್ಲಾಡಲಿಲ್ಲ ನೋಡ್ರಿ. ಫೋಟೋ ಚಲೋ ಬಂತಲ್ಲ?”