ಸದ್ದಿಲ್ಲದ ಬೆಳಕು

ಇಸವಿ ಮೂವತ್ತೆಂಟು. ದೀಪಾವಳಿ ಕಳೆದು ತಿಂಗಳಾಗಿತ್ತು. ರಂಜಾನಿನ ಇಪ್ಪತ್ತೊಂಬತ್ತನೆಯ ಉಪವಾಸ ಬಿಡುವ ಹೊತ್ತು. ಯಲ್ಲಾಪುರದ ಮಸೀದಿಯ ಅಂಗಳದಲ್ಲಿ ಎಲ್ಲರೂ ಕತ್ತೆತ್ತಿ ಪಡುವಣದ ಮೋಡ ನೋಡುತ್ತಿದ್ದರು. ಚಂದ್ರ ಕಂಡರೆ ನಾಳೆ ಹಬ್ಬ, ಇಲ್ಲದಿದ್ದರೆ ಇನ್ನೊಂದು ಉಪವಾಸ.

ಮೋಡ ಒಂದು ಗಳಿಗೆ ಸೀಳಿತು. ಸುಭಾನ್ ಚಂದ್ರನನ್ನು ಕಂಡ, ಬಾಯಿ ತೆರೆದ, ಮತ್ತೆ ಮುಚ್ಚಿದ. ಆಕಾಶದ ವಿಷಯದಲ್ಲಿ ಅವನ ಮಾತು ಮೊದಲೇ ಕೆಟ್ಟಿತ್ತು. ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಹೋಗಿದ್ದವನು ಆ ಬೇಸಿಗೆಯಲ್ಲಿ ಊರಿಗೆ ಬಂದು, ಉತ್ತರದ ಸಮುದ್ರದಲ್ಲಿ ರಾತ್ರಿ ಆಕಾಶವೆಲ್ಲ ಹಸಿರಾಗಿ, ಅಂಚು ಕೆಂಪಾಗಿ, ಬಾಗಿಲ ಪರದೆಯಂತೆ ಅಲ್ಲಾಡಿತು ಎಂದು ಹೇಳಿಬಿಟ್ಟಿದ್ದ. ಅಂದಿನಿಂದ ಊರಲ್ಲಿ ಯಾರು ಬುರುಡೆ ಬಿಟ್ಟರೂ 'ಹಸಿರಾಯ್ತು ನೋಡು' ಎನ್ನುವುದು ರೂಢಿಯಾಗಿತ್ತು. ಮಗಳು ಬದ್ರುನ್ನಿಸಾಳನ್ನು ಕೊಡುತ್ತೇನೆಂದಿದ್ದ ಎತ್ತಿನ ಗಾಡಿಯ ಅಬ್ದುಲ್ ರಜಾಕ್, ಸುಳ್ಳುಗಾರನಿಗೆ ಹೆಣ್ಣು ಕೊಡುವುದು ಹೇಗೆಂದು ಮಾತನ್ನು ಹಿಂದಕ್ಕೆಳೆಯುತ್ತಿದ್ದ.

ಆದರೂ ಕಂಡದ್ದನ್ನು ಮುಚ್ಚಿಡಬಾರದು. ಸುಭಾನ್ ಹೇಳಿದ. ಚಂದ್ರನಿಗೆ ಇಬ್ಬರ ಸಾಕ್ಷಿ ಬೇಕು. ಪಕ್ಕದಲ್ಲಿದ್ದ ದರ್ಜಿ ಶೌಕತ್‌ನೂ ಕಂಡಿದ್ದ. ಆದರೆ ಇವನ ಜೊತೆ ಹೂಂ ಅಂದರೆ ನಾಳೆ ತನ್ನ ಅಳತೆಯನ್ನೂ ಯಾರೂ ನಂಬಲಿಕ್ಕಿಲ್ಲ ಎನಿಸಿ, ಕೊಕ್ಕರೆಯ ರೆಕ್ಕೆ ಇದ್ದರೂ ಇದ್ದೀತು ಎಂದ.

"ಚಂದ್ರ ಹಸಿರಿತ್ತೋ, ಕೆಂಪಿತ್ತೋ?" ಎಂದು ರಜಾಕ್ ಕೇಳಿದ. ಅಂಗಳವೆಲ್ಲ ನಕ್ಕಿತು.

ಮರುದಿನ ಊರಿಗೆಲ್ಲ ಉಪವಾಸ. ಸುಭಾನನ ಅಜ್ಜಿ ಅಮೀರುನ್ನಿಸಾ ಮಾತ್ರ, ಮೊಮ್ಮಗ ಕಂಡ ಮೇಲೆ ಹಬ್ಬವೇ ಸೈ ಎಂದು ಬಾಗಿಲು ಹಾಕಿಕೊಂಡು ಶಾವಿಗೆ ಹುರಿದಳು. ತುಪ್ಪದ ಪರಿಮಳ ಬಾಗಿಲಿಗೆ ನಿಲ್ಲಲಿಲ್ಲ; ಓಣಿಯವರು ಮೂಗು ಮುಚ್ಚಿಕೊಂಡು ಬೈದರು.

ಹೊತ್ತೇರಿದಾಗ ಶಿರಸಿಯ ಮೋಟಾರು ಬಂತು. ಇಳಿದವರ ಮೈಮೇಲೆ ಹೊಸ ಬಟ್ಟೆ, ಅತ್ತರು. ಅಲ್ಲಿ ನಿನ್ನೆಯೇ ಚಂದ್ರ ಕಂಡಿತ್ತಂತೆ, ಹಬ್ಬದ ನಮಾಜೂ ಮುಗಿದಿತ್ತಂತೆ.

ಹಬ್ಬದ ದಿನ ಉಪವಾಸ ಇರಕೂಡದು. ರಜಾಕ್ ಎತ್ತಿನ ಬಾನಿಯ ನೀರನ್ನೇ ಬೊಗಸೆಯಲ್ಲಿ ಕುಡಿದು ಮಸೀದಿಗೆ ಓಡಿದ. ಇನ್ನೊಂದು ದಿನ ಸಿಕ್ಕಿತೆಂದು ಶೌಕತ್ ಊರವರ ಹಬ್ಬದ ಅಂಗಿಗಳಿಗೆ ಗುಂಡಿ ಹಾಕದೆ ಮಲಗಿದ್ದ. ಅರ್ಧ ಊರು ಅಂಗಿಯ ಎದೆ ಹಿಡಿದುಕೊಂಡೇ ನಮಾಜು ಮಾಡಿತು.

ಮಧ್ಯಾಹ್ನ ರಜಾಕ್ ಸುಭಾನನನ್ನು ಊಟಕ್ಕೆ ಕರೆದ. ಚಂದ್ರನನ್ನೇನೋ ಒಪ್ಪಿದ್ದಾಯಿತು, ಆ ಹಸಿರನ್ನು ನುಂಗುವುದು ಹೇಗೆ ಎಂದು ತಟ್ಟೆ ನೋಡುತ್ತ ಕೂತ. ಪರದೆಯ ಒಳಗಿನಿಂದ ಬದ್ರುನ್ನಿಸಾಳೇ ಕೇಳಿದಳು:

"ಬೆಳಕು ಅಲ್ಲಾಡುವಾಗ ಸದ್ದಾಗ್ತಿತ್ತಾ?"

ಸುಭಾನ್ ನೆನಪು ಮಾಡಿಕೊಂಡ. "ಇಲ್ಲ. ಒಂಚೂರೂ ಇಲ್ಲ."

"ಹಂಗಾರೆ ಖರೆ ಅಬ್ಬಾ. ಸುಳ್ಳು ಹೇಳೋರು ಗುಡುಗು ಸೇರಿಸದೆ ಬಿಡ್ತಿದ್ರಾ?"

ರಜಾಕ್ ಊಟ ಮುಗಿಸಿ ಮದುವೆಗೆ ದಿನ ಹೇಳಿದ. ಆಮೇಲೆ ಹೋದಲ್ಲೆಲ್ಲ ಅಳಿಯ ಕಂಡ ಬೆಳಕಿನದೇ ಮಾತು. ಅದಕ್ಕೊಂದು ಗುಡುಗನ್ನೂ ಸೇರಿಸಿಕೊಂಡು, ಶನಿವಾರ ಗಾಡಿ ಕಟ್ಟಿ ಕಿರವತ್ತಿಗೆ ಹೊರಟ.